ಕೂದಲೂ ಕಾಯಿಲೆಯೂ ಒಂದೇ ಮೈಯಲ್ಲಿ

ಕೂದಲು ಕಸಿ ಮಾಡುವ ಕ್ಲಿನಿಕ್ಕಿಗೆ ಕಾಲಿಟ್ಟವರ ಕೈಗೆ ಮೊದಲು ಒಂದು ಫಾರಂ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಹೃದಯದ ತೊಂದರೆ ಉಂಟೇ, ಥೈರಾಯ್ಡ್, ಫಿಟ್ಸ್, ಅಲರ್ಜಿ, ದಿನವೂ ನುಂಗುವ ಮಾತ್ರೆ ಯಾವುದು. ಎಲ್ಲದರ ಮುಂದೆಯೂ ‘ಇಲ್ಲ’ ಎಂದು ಗುರುತು ಹಾಕಿ ಕೊಟ್ಟುಬಿಡುವವರಿದ್ದಾರೆ. ‘ಇದೆ’ ಎಂದರೆ ಎಲ್ಲಿ ವಾಪಸು ಕಳಿಸಿಬಿಡುತ್ತಾರೋ ಎಂಬ ಅಂಜಿಕೆ. ಇದೇ ಜನ ತಮ್ಮ ಸಕ್ಕರೆ ಡಾಕ್ಟರ ಎದುರು ಕೂತಾಗ ಕೂದಲಿನ ಮಾತನ್ನೇ ಎತ್ತುವುದಿಲ್ಲ. ಕಿಡ್ನಿ, ಕಣ್ಣು, ಕಾಲಿನ ಜೋಮು ಎಂದೆಲ್ಲ ವಿಚಾರಿಸುತ್ತಿರುವವರ ಹತ್ತಿರ ನೆತ್ತಿ ಬೋಳಾಗುತ್ತಿದೆ ಎನ್ನಲು ನಾಚಿಕೆ. ಒಂದು ಕಡೆ ಕಾಯಿಲೆಯನ್ನೂ ಇನ್ನೊಂದು ಕಡೆ ಕೂದಲಿನ ಸಂಕಟವನ್ನೂ ಮುಚ್ಚಿಟ್ಟು ಬದುಕುವ ಇವರ ಬಗ್ಗೆ ಈ ಬರಹ. ಅನಾಹುತಗಳು ಹುಟ್ಟುವುದು ಈ ಮುಚ್ಚುಮರೆಯಲ್ಲೇ ಎಂಬುದು ನನ್ನ ನಂಬಿಕೆ.

ನನ್ನ ಅಕ್ಕನ ಗಂಡ ದಾವಣಗೆರೆಯವರು. ಚೌಕಿಪೇಟೆಯ ಕಡೆ ಬಟ್ಟೆ ಅಂಗಡಿ. ನಲವತ್ತರ ಆಸುಪಾಸಿನಲ್ಲೇ ಸಕ್ಕರೆ ಕಾಯಿಲೆ ಬಂತು, ಹಿಂದೆಯೇ ಬಿ.ಪಿ. ಬಂತು. ಮಾತ್ರೆ ಮುಗಿದರೆ ತರುವುದು ಮರೆಯುತ್ತಿದ್ದರು, ಮದುವೆ ಮನೆಯಲ್ಲಿ ಹೋಳಿಗೆ ಬಿಡುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಹೆದರಿಸಿದರು, ಅಕ್ಕ ಅತ್ತಳು, ಯಾವುದೂ ನಾಟಲಿಲ್ಲ. ಆದರೆ ಕೌಂಟರಿನ ಹಿಂದಿನ ಕನ್ನಡಿಯಲ್ಲಿ ನೆತ್ತಿ ಕಾಣಿಸತೊಡಗಿದ ಮೇಲೆ ಟೋಪಿ ಇಲ್ಲದೆ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಿದ್ದರು. ಒಂದು ದಿನ ನನಗೆ ಫೋನು ಮಾಡಿ, ‘ಬೆಂಗಳೂರಾಗೆ ಒಂದು ಒಳ್ಳೆ ಕ್ಲಿನಿಕ್ ನೋಡು. ನಿಮ್ಮ ಅಕ್ಕಂಗೆ ಈಗಲೇ ಹೇಳಬೇಡ’ ಎಂದರು.

ನಾವು ಹೋದಾಗ ಅವರೂ ಫಾರಂ ತುಂಬಿದರು. ಎಲ್ಲಕ್ಕೂ ಇಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ‘ಭಾವ, ಶುಗರ್ ಬರೀರಿ’ ಎಂದೆ. ‘ಸುಮ್ನಿರಪ, ಆಮೇಲೆ ಹೇಳಿದರಾತು’ ಎಂದು ಹಾಳೆ ಮಡಚಿ ಕೊಟ್ಟರು. ಅವರ ಅದೃಷ್ಟಕ್ಕೆ ಅಲ್ಲಿದ್ದ ಚರ್ಮರೋಗ ವೈದ್ಯೆ ಫಾರಂ ನಂಬಿ ಕೂರುವವರಾಗಿರಲಿಲ್ಲ. ರಕ್ತ ಪರೀಕ್ಷೆ ಬರೆದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.6 ಬಂತು. ಏಳರ ಆಚೀಚೆ ಇರಬೇಕಾದದ್ದು. ಆಕೆ ಸಿಟ್ಟು ಮಾಡಲಿಲ್ಲ, ಹೊರಗೂ ಕಳಿಸಲಿಲ್ಲ. ‘ನಿಮ್ಮ ತಲೆಯ ಹಿಂಭಾಗದ ಕೂದಲು ಚೆನ್ನಾಗಿದೆ, ಕಸಿ ಮಾಡಬಹುದು. ಈ ಸಕ್ಕರೆಯಲ್ಲಿ ಮಾಡಿದರೆ ಗಾಯ ಮಾಯುವುದಿಲ್ಲ, ಕೀವಾಗಬಹುದು, ನೆಟ್ಟ ಕೂದಲೂ ಹೋಗುತ್ತದೆ. ಏಳೂವರೆಗಿಂತ ಕೆಳಗಿಳಿಸಿಕೊಂಡು ಬನ್ನಿ, ನಿಮ್ಮ ಶುಗರ್ ಡಾಕ್ಟರ ಚೀಟಿಯೂ ಬೇಕು’ ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಎದೆ ತುಂಬಿ ಬರುತ್ತದೆ. ಕಣ್ಣು ಹೋಗುತ್ತದೆ ಎಂದರೂ ಅಲುಗದ ಮನುಷ್ಯ ಕೂದಲಿಗಾಗಿ ಬೆಳಗಿನ ವಾಕಿಂಗ್ ಶುರು ಮಾಡಿದರು. ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ, ಪಲ್ಯಕ್ಕೆ ಬಂದರು. ಮಾತ್ರೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರು. ಇದನ್ನು ಯಾರಾದರೂ ಶೋಕಿ ಎಂದರೆ ನಾನು ಒಪ್ಪುವುದಿಲ್ಲ. ದೀರ್ಘಕಾಲದ ಕಾಯಿಲೆ ಇರುವವರಿಗೆ ತಮ್ಮ ಮೈ ತಮ್ಮ ಕೈ ತಪ್ಪಿಹೋಗಿದೆ ಎಂಬ ಭಾವನೆ ದಿನವೂ ಇರುತ್ತದೆ. ಮೂತ್ರಪಿಂಡ ಹಾಳಾಗುವುದು ಕಣ್ಣಿಗೆ ಕಾಣದು, ನೆತ್ತಿ ದಿನಾ ಕಾಣುತ್ತದೆ. ಕಾಣುವುದನ್ನು ಸರಿಪಡಿಸಿಕೊಳ್ಳುವ ಆಸೆಯಿಂದ ಕಾಣದ್ದನ್ನೂ ನೋಡಿಕೊಂಡರೆ ಅದಕ್ಕಿಂತ ಒಳ್ಳೆಯದೇನಿದೆ? ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾದಾಗ ನಮ್ಮ ದೇಶದ ಸಕ್ಕರೆ ರೋಗಿಗಳ ಸಂಖ್ಯೆ 10.1 ಕೋಟಿ ಎಂದು ಅಂದಾಜಾಗಿತ್ತು. ಕಸಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ನಡುವಯಸ್ಸಿನವರಲ್ಲಿ ಇವರು ಎಷ್ಟೋ ಮಂದಿ ಇದ್ದೇ ಇರುತ್ತಾರೆ.

ಕಸಿ ನಿಂತಿರುವುದು ಒಂದೇ ತತ್ವದ ಮೇಲೆ. ನ್ಯೂಯಾರ್ಕಿನ ಚರ್ಮರೋಗ ವೈದ್ಯ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಗಂಡಸರ ಬೋಳಿಗೆ ಕಸಿ ಮಾಡಿ, 1959ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ತಲೆಯ ಹಿಂಭಾಗದಿಂದ ತೆಗೆದ ಕೂದಲು ನೆತ್ತಿಗೆ ಬಂದರೂ ತನ್ನ ಮೂಲದ ಗುಣ ಬಿಡುವುದಿಲ್ಲ, ಅಲ್ಲಿದ್ದಂತೆಯೇ ಬೆಳೆಯುತ್ತದೆ ಎಂಬುದು ಅವರು ಕಂಡ ಸತ್ಯ. ಅವರಿಗೂ ಮುಂಚೆ, 1939ರಲ್ಲಿ, ಜಪಾನಿನ ಶೋಜಿ ಒಕುಡಾ ಗಾಯದ ಕಲೆಗಳಿದ್ದ ಜಾಗಕ್ಕೆ ಕೂದಲು ನೆಟ್ಟ ಬಗ್ಗೆ ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ತಿಳಿಯಲೇ ಇಲ್ಲ. ಗಂಡಸರ ಬೋಳಿಗೆ ಕಾರಣ ಡಿಎಚ್‌ಟಿ ಎಂಬ ಹಾರ್ಮೋನು. ವಂಶದಿಂದ ಬಂದ ಗುಣವಿದ್ದರೆ ಹಣೆಯ ಮೇಲಿನ ಮತ್ತು ನೆತ್ತಿಯ ಬೇರುಗಳು ಇದಕ್ಕೆ ಸೋತು ವರ್ಷ ವರ್ಷವೂ ಸಣ್ಣಗಾಗುತ್ತವೆ. ಹಿಂಭಾಗದವು ಸೋಲುವುದಿಲ್ಲ. ಓರೆಂಟ್ರೈಕ್ ಕಾಲದಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಅಗಲದ ತುಂಡುಗಳನ್ನೇ ಕೂರಿಸುತ್ತಿದ್ದುದರಿಂದ ಕೂದಲು ಬೊಂಬೆಯ ತಲೆಯಲ್ಲಿದ್ದಂತೆ ಗೊಂಚಲು ಗೊಂಚಲಾಗಿ ಕಾಣುತ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿರುವ ಒಂದೊಂದು ಬುಡವನ್ನೇ ಮಿಲಿಮೀಟರಿನಷ್ಟು ಸಣ್ಣ ಕೊಳವೆಯಂಥ ಉಪಕರಣದಿಂದ ಬಿಡಿಸುತ್ತಾರೆ. ಇದನ್ನೇ ಗ್ರಾಫ್ಟ್ ಎನ್ನುವುದು.

ಭಾವನ ಸಕ್ಕರೆ 7.2ಕ್ಕೆ ಇಳಿದ ಮೇಲೆ ದಿನ ಗೊತ್ತಾಯಿತು. ಅದಕ್ಕೂ ಮೊದಲು ಅವರ ಮಾತ್ರೆಗಳ ಪಟ್ಟಿಯನ್ನು ಇಬ್ಬರು ವೈದ್ಯರೂ ಫೋನಿನಲ್ಲಿ ಮಾತಾಡಿಕೊಂಡು ನೋಡಿದರು. ಇದು ಬರೀ ನಿಯಮ ಪಾಲನೆಯ ಮಾತಲ್ಲ. ತಲೆ ಮರಗಟ್ಟಿಸಲು ಕೊಡುವ ಲಿಡೊಕೇನ್ ಇಂಜೆಕ್ಷನ್ನಿನ ಜತೆ ರಕ್ತ ಸುರಿಯದಿರಲೆಂದು ಅಡ್ರಿನಾಲಿನ್ ಸೇರಿಸಿರುತ್ತಾರೆ. ಬಿ.ಪಿ.ಗೋ ಕೈನಡುಕಕ್ಕೋ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ಇದು ರಕ್ತದೊತ್ತಡವನ್ನು ಏಕಾಏಕಿ ಏರಿಸಬಲ್ಲದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ಮಾತ್ರೆಯನ್ನು ಕಸಿಯ ದಿನ ರಕ್ತ ಬರುತ್ತದೆಂದು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ನಿಲ್ಲಿಸಬೇಕೇ ಬೇಡವೇ ಎಂದು ಹೇಳಬೇಕಾದವರು ಹೃದಯದ ಡಾಕ್ಟರು. ಲಿಡೊಕೇನ್ ಕೂಡ ಮೈತೂಕಕ್ಕೆ ತಕ್ಕ ಮಿತಿ ಮೀರಿದರೆ ಮೆದುಳಿಗೂ ಹೃದಯಕ್ಕೂ ವಿಷವಾಗುತ್ತದೆ. ಒಂದೇ ದಿನದಲ್ಲಿ ಅತಿ ಹೆಚ್ಚು ಗ್ರಾಫ್ಟ್ ಹಾಕುತ್ತೇವೆ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮಿತಿ.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಒಳಗೆ ಬಿಟ್ಟರು. ಬೆಳಿಗ್ಗೆಯಿಂದ ಬೋರಲು ಮಲಗಿದ್ದ ಭಾವ ಎದ್ದು ಕೂತಿದ್ದರು. ತಲೆಯ ಹಿಂಭಾಗ ಪೂರ್ತಿ ಬೋಳಿಸಿ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಕಿವಿಯಿಂದ ಕಿವಿಯವರೆಗೆ. ಟ್ರೇಯಲ್ಲಿ ಐಸಿನ ಮೇಲೆ ಗಾಜಿನ ತಟ್ಟೆಗಳು, ಸಲೈನಿನಲ್ಲಿ ನೆನೆದ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲಾಗಿ ಜೋಡಿಸಿದ ಗ್ರಾಫ್ಟುಗಳು. ಒಂದೊಂದರ ಬುಡದಲ್ಲೂ ಬೆಳ್ಳಗೆ ತೆಳುವಾದ ಕೊಬ್ಬು ಅಂಟಿಕೊಂಡಿತ್ತು. ಸಸಿಮಡಿಯಿಂದ ಕಿತ್ತ ಭತ್ತದ ಪೈರು ಗದ್ದೆಗೆ ಬೀಳುವ ತನಕ ಒಣಗದಂತೆ ನೋಡಿಕೊಳ್ಳುವ ಕಾಳಜಿಯೇ ಇಲ್ಲೂ. ಹೊರಗೆ ಹೆಚ್ಚು ಹೊತ್ತು ಉಳಿದಷ್ಟೂ, ಒಣಗಿದಷ್ಟೂ ಬದುಕುವವು ಕಡಿಮೆ. ನರ್ಸು ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು, ಆಮೇಲೆ ಊಟಕ್ಕೆ ಬಿಟ್ಟರು. ಮಾತ್ರೆ ತೆಗೆದುಕೊಂಡು ಗಂಟೆಗಟ್ಟಲೆ ಮಲಗಿದವರಿಗೆ ಸಕ್ಕರೆ ತೀರ ಇಳಿದುಬಿಡುವ ಅಪಾಯವಿರುತ್ತದೆ. ಮಲಗಿದಲ್ಲೇ ಬೆವರಿ ಸುಸ್ತಾದರೆ ಇಂಜೆಕ್ಷನ್ನಿನ ಪರಿಣಾಮವೋ ಸಕ್ಕರೆ ಇಳಿದದ್ದೋ ತಿಳಿಯುವುದು ಹೇಗೆ? ಫಾರಮ್ಮಿನಲ್ಲಿ ಬರೆದ ‘ಇಲ್ಲ’ವನ್ನೇ ನಂಬಿದ್ದರೆ ಅಲ್ಲಿ ಯಾರೂ ಬೆರಳು ಚುಚ್ಚುತ್ತಿರಲಿಲ್ಲ.

ಆಮೇಲಿನ ವರ್ಷ ತಾಳ್ಮೆಯ ಪರೀಕ್ಷೆ. ಹಣೆ ಊದಿ ಮೂರನೇ ದಿನಕ್ಕೆ ಕಣ್ಣುಗಳ ಹತ್ತಿರ ಇಳಿಯಿತು. ಹತ್ತು ಹನ್ನೆರಡು ದಿನಕ್ಕೆ ಹಕ್ಕಳೆ ಉದುರಿತು. ತಿಂಗಳಾಗುವಷ್ಟರಲ್ಲಿ ನೆಟ್ಟ ಕೂದಲೇ ಉದುರತೊಡಗಿತು. ‘ದುಡ್ಡೆಲ್ಲ ನೀರಿಗೆ ಹೋತಪ’ ಎಂದು ಭಾವ ಫೋನಿನಲ್ಲಿ ಅತ್ತೇಬಿಟ್ಟರು. ಉದುರುವುದು ಸಹಜ, ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಹೊಸದು ಹುಟ್ಟುತ್ತದೆ, ಪೂರ್ತಿ ನೋಡಲು ವರ್ಷ ಬೇಕು ಎಂದು ಮೊದಲೇ ಹೇಳಿದ್ದರೂ ಆ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಸಂಗತಿಯನ್ನು ಬಹಳ ಕಡೆ ಒತ್ತಿ ಹೇಳುವುದೇ ಇಲ್ಲ. ನೆಟ್ಟ ಕೂದಲು ಉಳಿದರೂ ಅದರ ಸುತ್ತಲಿನ ಹಳೆಯ ಕೂದಲು ಉದುರುತ್ತಲೇ ಇರುತ್ತದೆ. ಅದನ್ನು ಹಿಡಿದಿಡಲು ಮಿನಾಕ್ಸಿಡಿಲ್, ಫಿನಾಸ್ಟರೈಡ್‌ನಂಥ ಔಷಧಿಗಳನ್ನು ವರ್ಷಗಟ್ಟಲೆ ಬಳಸಬೇಕು, ಬಿಟ್ಟರೆ ಗಳಿಸಿದ್ದು ಹೋಗುತ್ತದೆ. ಎಂದರೆ ಬೋಳು ಕೂಡ ಸಕ್ಕರೆ ಕಾಯಿಲೆಯಂತೆ ಜತೆಗೇ ಬಾಳುವಂಥದ್ದು.

ಈ ಎರಡು ಔಷಧಿಗಳೂ ಬೇರೆ ರೋಗಗಳ ಕೋಣೆಯಿಂದಲೇ ಬಂದವು. ಮಿನಾಕ್ಸಿಡಿಲ್ ಮೊದಲಿಗೆ ಜೋರು ಬಿ.ಪಿ.ಗೆ ಕೊಡುತ್ತಿದ್ದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಫಿನಾಸ್ಟರೈಡ್ ಪ್ರೊಸ್ಟೇಟ್ ಊತಕ್ಕೆ 1992ರಲ್ಲಿ ಬಂದದ್ದು, ಕಡಿಮೆ ಪ್ರಮಾಣದಲ್ಲಿ ಕೂದಲಿಗೆ 1997ರಲ್ಲಿ ಒಪ್ಪಿಗೆಯಾಯಿತು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಮಿನಾಕ್ಸಿಡಿಲ್ ಮಾತ್ರೆ ಕೊಟ್ಟರೆ ಮೈಯಲ್ಲಿ ನೀರು ತುಂಬಿಕೊಳ್ಳಬಹುದು, ಎದೆ ಬಡಿತ ಏರಬಹುದು. ಪ್ರೊಸ್ಟೇಟಿನ ತೊಂದರೆ ಪತ್ತೆಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಮಟ್ಟವನ್ನು ಫಿನಾಸ್ಟರೈಡ್ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕೂದಲಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳದಿದ್ದರೆ ಪ್ರೊಸ್ಟೇಟ್ ಕ್ಯಾನ್ಸರಿನ ಸುಳಿವೇ ತಪ್ಪಿಹೋಗಬಹುದು. ಅರವತ್ತರ ಹಿರಿಯರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಕಸಿ ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ನನಗೆ ಕಲಿಸಿದವಳು ಮೈಸೂರಿನ ಗೆಳತಿ, ಹೈಸ್ಕೂಲ್ ಟೀಚರ್. ಅವಳಿಗೆ ಲೂಪಸ್. ದೇಹದ ರಕ್ಷಣಾ ಪಡೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಕೀಲುನೋವು, ಬಿಸಿಲಿಗೆ ಕೆನ್ನೆಯ ಮೇಲೆ ಕೆಂಪು, ಸುಸ್ತು. ತಲೆಯಲ್ಲಿ ಎರಡು ಕಡೆ ರೂಪಾಯಿಯಗಲ ಕೂದಲು ಹೋಗಿ ಚರ್ಮ ನುಣುಪಾಗಿತ್ತು. ಸೆರಗು ಹೊದ್ದು, ಬೈತಲೆ ಬದಲಿಸಿ ಹೇಗೋ ಸುಧಾರಿಸುತ್ತಿದ್ದಳು. ಹಕ್ಕಿಪಿಕ್ಕಿ ಜನರ ತೈಲ ತರಲು ಹುಣಸೂರಿನ ಪಕ್ಷಿರಾಜಪುರಕ್ಕೂ ಹೋಗಿ ಬಂದಳು. ಬೇರೇ ಸತ್ತುಹೋದ ಜಾಗದಲ್ಲಿ ಯಾವ ಎಣ್ಣೆಯೂ ಕೂದಲು ಹುಟ್ಟಿಸಲಾರದು. ಕೊನೆಗೆ ಕ್ಲಿನಿಕ್ಕೊಂದಕ್ಕೆ ಫೋನು ಮಾಡಿದಳು. ಮಾತಾಡಿದಾಕೆ ಡಾಕ್ಟರಲ್ಲ, ಕೌನ್ಸೆಲರ್. ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು, ಗ್ರಾಫ್ಟಿನ ಲೆಕ್ಕ ಹೇಳಿ, ಈ ತಿಂಗಳೊಳಗೆ ಬುಕ್ ಮಾಡಿದರೆ ರಿಯಾಯಿತಿ, ಕಂತಿನಲ್ಲೂ ಕಟ್ಟಬಹುದು ಎಂದಳಂತೆ. ಕೀಲುನೋವಿದೆಯೇ, ಬಿಸಿಲು ಆಗಿಬರುವುದಿಲ್ಲವೇ ಎಂದು ಕೇಳಲೇ ಇಲ್ಲ.

ಗೆಳತಿಗೆ ಇದ್ದದ್ದು ಗಾಯದ ಕಲೆ ಉಳಿಸಿ ಬೇರನ್ನು ಕೊಲ್ಲುವ ಬಗೆ. ಕಾಯಿಲೆ ಚುರುಕಾಗಿರುವಾಗ ಕಸಿ ಮಾಡಿದರೆ ಹೊಸದಾಗಿ ನೆಟ್ಟ ಬೇರುಗಳನ್ನೂ ಅದು ತಿಂದುಹಾಕುತ್ತದೆ, ಗಾಯ ಮಾಡಿದ ಜಾಗದಲ್ಲಿ ಮತ್ತೆ ಕೆರಳಲೂಬಹುದು. ಲೈಕನ್ ಪ್ಲಾನೊಪೈಲಾರಿಸ್ ಎಂಬ ಕಾಯಿಲೆಯದೂ ಇದೇ ಕತೆ. ಇಂಥವರಿಗೆ ಕಾಯಿಲೆ ವರ್ಷಗಟ್ಟಲೆ ತಣ್ಣಗಿದೆ ಎಂಬ ಭರವಸೆ ಸಿಕ್ಕ ಮೇಲಷ್ಟೇ ವೈದ್ಯರು ಕಸಿಯ ಯೋಚನೆ ಮಾಡುತ್ತಾರೆ, ಆಗಲೂ ಅಳುಕಿನಿಂದಲೇ. ನಾಣ್ಯದಗಲ ಕೂದಲುದುರುವ ಅಲೊಪೇಶಿಯಾ ಏರಿಯೇಟಾದಲ್ಲಿ ಬೇರು ಸಾಯುವುದಿಲ್ಲ, ಎಷ್ಟೋ ಸಲ ಕೂದಲು ತಾನೇ ವಾಪಸು ಬರುತ್ತದೆ. ಅದರ ತೀವ್ರ ರೂಪಕ್ಕೆ ಬ್ಯಾರಿಸಿಟಿನಿಬ್ ಮಾತ್ರೆಯನ್ನು ಅಮೆರಿಕದಲ್ಲಿ 2022ರಲ್ಲಿ ಒಪ್ಪಿದರು, ಅಲ್ಲೂ ಕಸಿಯ ಕೆಲಸವಿಲ್ಲ. ಟೈಫಾಯ್ಡ್, ಡೆಂಗಿ, ಕೋವಿಡ್, ಹೆರಿಗೆ, ಥಟ್ಟನೆ ತೂಕ ಇಳಿಯುವುದು ಇವೆಲ್ಲ ಆದ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಬರುವ ಕೂದಲಿಗೂ ಕಸಿ ಬೇಡ. ಥೈರಾಯ್ಡ್ ಕಡಿಮೆಯಾಗಿ, ಕಬ್ಬಿಣಾಂಶ ಸಾಲದೆ ಉದುರುವ ಹೆಣ್ಣುಮಕ್ಕಳ ಕೂದಲಿಗೆ ಬೇಕಾದದ್ದು ರಕ್ತ ಪರೀಕ್ಷೆ ಮತ್ತು ಮದ್ದು.

‘ಕೂದಲಿಗಾಗಿ ಅಳ್ತೀನಿ ಅಂತ ನನ್ನ ಕೀಲು ಡಾಕ್ಟರಿಗೆ ಹೇಳೋಕೆ ಆರು ವರ್ಷ ಬೇಕಾಯ್ತು ಕಣೋ’ ಎಂದು ಗೆಳತಿ ಒಮ್ಮೆ ಹೇಳಿದಳು. ‘ಜೀವ ಉಳಿಸ್ತಿರೋರ ಹತ್ರ ಕೂದಲು ಕೇಳೋದು ದುರಾಸೆ ಅನ್ನಿಸ್ತಿತ್ತು.’ ಈ ಬಗೆಯ ಲೂಪಸ್ಸಿನಲ್ಲಿ ಕಲೆ ಕಟ್ಟುವ ಮುಂಚೆ ಔಷಧಿ ಹಿಡಿದರೆ ಕೂದಲು ಉಳಿಸಬಹುದು. ಮೊದಲ ವರ್ಷವೇ ಸೆರಗು ಸರಿಸಿ ತೋರಿಸಿದ್ದರೆ ಆ ಎರಡು ಜಾಗ ಅಷ್ಟು ಹರಡುತ್ತಿರಲಿಲ್ಲ. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ‘ಕೂದಲು ತಾನೆ’ ಎಂಬ ಮಾತು ಅವಳ ಕಿವಿಗೆ ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಬಿದ್ದಿತ್ತು. ಈಗ ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗುತ್ತಾಳೆ, ಅದಕ್ಕೆಂದು ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಮಾಡಿಸುತ್ತಾಳೆ, ಛತ್ರಿ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಉಳಿದ ಜಾಗಕ್ಕೆ ಕ್ಲಿಪ್ಪಿನಲ್ಲಿ ಸಿಕ್ಕಿಸುವ ಕೂದಲಿನ ಪ್ಯಾಚು ಮಾಡಿಸಿಕೊಂಡಿದ್ದಾಳೆ. ಕಸಿ ಬೇಡವೆಂದು ತೀರ್ಮಾನಿಸಿದ ಮೇಲೆ ಅವಳ ಮುಖದಲ್ಲಿ ಕಂಡ ನಿರಾಳವನ್ನು ನಾನು ಕಸಿ ಮಾಡಿಸಿಕೊಂಡ ಭಾವನಲ್ಲೂ ಕಂಡಿಲ್ಲ.

ಕೂದಲಿನ ದುಃಖ ಹಗುರವಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಹಳೆಯ ಸಾಕ್ಷಿಯಿದೆ. ಕುಷ್ಠರೋಗದ ಬ್ಯಾಕ್ಟೀರಿಯಾ ಮೈಯ ತಂಪು ಜಾಗಗಳನ್ನು ಹಿಡಿಯುತ್ತದೆ, ಹುಬ್ಬು ಉದುರುತ್ತದೆ. ರೋಗ ವಾಸಿಯಾದ ಮೇಲೂ ಹುಬ್ಬಿಲ್ಲದ ಮುಖ ನೋಡಿ ಜನ ಗುರುತಿಸುತ್ತಿದ್ದರು, ಕೆಲಸ ಕೊಡುತ್ತಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ರೋಗಿಗಳ ಮಡಚಿದ ಬೆರಳುಗಳನ್ನು ಸರಿಪಡಿಸಿದ್ದಕ್ಕೆ ಪ್ರಸಿದ್ಧರು. ಅಷ್ಟಕ್ಕೇ ನಿಲ್ಲದೆ, ತಲೆಯ ಚರ್ಮದ ಪಟ್ಟಿಯೊಂದನ್ನು ಅದರ ರಕ್ತನಾಳದ ಸಮೇತ ಹಣೆಯ ಚರ್ಮದ ಅಡಿಯಿಂದ ತಂದು ಹುಬ್ಬಿನ ಜಾಗದಲ್ಲಿ ಕೂರಿಸಿದರು. ತಲೆಯ ಕೂದಲಾದ್ದರಿಂದ ಆ ಹುಬ್ಬು ಉದ್ದಕ್ಕೆ ಬೆಳೆಯುತ್ತಿತ್ತು, ಆಗಾಗ ಕತ್ತರಿಸಿಕೊಳ್ಳಬೇಕಿತ್ತು. ವಾಸಿಯಾದ ಮನುಷ್ಯ ಊರಿಗೆ ಮರಳಲು ಹುಬ್ಬೂ ಬೇಕು ಎಂಬುದನ್ನು ಆ ವೈದ್ಯರು ಅರಿತಿದ್ದರು. ನಮ್ಮ ಇಂದಿನ ತೆರಿಗೆ ನಿಯಮ ಅದನ್ನು ಅರಿತಿಲ್ಲ. ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯಿಂದ ಕೂದಲು ಕಸಿಯನ್ನು ಹೊರಗಿಟ್ಟು, ಹುಟ್ಟಿನ ಅಥವಾ ಬೆಳವಣಿಗೆಯ ದೋಷ, ಗಾಯ, ಆಘಾತಗಳಿಂದ ಕೆಟ್ಟದ್ದನ್ನು ಸರಿಪಡಿಸುವುದಾದರೆ ಮಾತ್ರ ಸಡಿಲಿಸಿದ್ದಾರೆ. ಕಾಯಿಲೆಯಿಂದ ಕೂದಲು ಕಳೆದುಕೊಂಡವರು ಆ ಪಟ್ಟಿಯಲ್ಲಿಲ್ಲ. ಅವರನ್ನು ಸೇರಿಸಬೇಕು.

ಇತ್ತ ಅಪಾಯದ ಕಡೆಗೂ ಕಣ್ಣು ಮುಚ್ಚುವಂತಿಲ್ಲ. ಚೆನ್ನೈನಲ್ಲಿ 2016ರಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಮುಂಬೈಯಲ್ಲಿ 2019ರಲ್ಲಿ ಉದ್ಯಮಿಯೊಬ್ಬರು ಕಸಿಯ ಬೆನ್ನಿಗೇ ಪ್ರಾಣ ಬಿಟ್ಟರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಕ್ರಮಬದ್ಧ ತರಬೇತಿ ಪಡೆದವರೇ ಕಸಿ ಮಾಡಬೇಕು, ಕಾರ್ಯಾಗಾರವನ್ನೋ ಯೂಟ್ಯೂಬನ್ನೋ ನೋಡಿ ಕಲಿತದ್ದು ಸಾಲದು ಎಂದು ಹೇಳಬೇಕಾಯಿತು. ಕರ್ನಾಟಕದಲ್ಲಿ ಯಾವುದೇ ಖಾಸಗಿ ಕ್ಲಿನಿಕ್ಕು ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಗೋಡೆಯ ಮೇಲಿನ ‘ಮೊದಲು–ನಂತರ’ ಫೋಟೊಗಳನ್ನು ನೋಡುವ ಮೊದಲು ಆ ನೋಂದಣಿ ಪತ್ರ ನೋಡಿ. ಕತ್ತರಿ ಹಿಡಿಯುವವರು ಯಾರು, ಅವರ ಓದೇನು, ಉಸಿರು ಕಟ್ಟಿದರೆ ಆಮ್ಲಜನಕ ಎಲ್ಲಿದೆ, ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಭಾವ ಈಗ ಟೋಪಿ ಬಿಟ್ಟಿದ್ದಾರೆ. ನೆತ್ತಿಯ ಹಿಂದೆ ಇನ್ನೂ ಒಂದಿಷ್ಟು ಖಾಲಿ ಇದೆ, ಇನ್ನೊಮ್ಮೆ ಮಾಡಿಸುವ ಆಸೆಯೂ ಇದೆ. ಹಿಂಭಾಗದ ದಾಸ್ತಾನಿಗೆ ಮಿತಿ ಇದೆ, ಮುಂದಿನ ವರ್ಷಗಳಿಗೂ ಉಳಿಸಬೇಕು ಎಂದು ವೈದ್ಯೆ ತಡೆದಿದ್ದಾರೆ. ಕಳೆದ ಬೇಸಿಗೆಯಲ್ಲಿ ಅವರ ಮಗ, ಇಪ್ಪತ್ಮೂರರ ಹುಡುಗ, ‘ಮಾಮ, ನನ್ನ ಹಣೇನೂ ಹಿಂದೆ ಹೋಗ್ತಿದೆ, ನಾನೂ ಮಾಡಿಸ್ಕೊತೀನಿ’ ಎಂದು ಹಟ ಹಿಡಿದ. ಅದೇ ವೈದ್ಯೆಯ ಬಳಿಗೆ ಕರೆದುಕೊಂಡು ಹೋದೆ. ಈ ವಯಸ್ಸಿಗೆ ಬೋಳು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳಲಾಗದು, ಈಗ ಮುಂದೆ ನೆಟ್ಟರೆ ಹಿಂದಿನದು ಉದುರಿ ನಡುವೆ ಬಯಲಾದೀತು ಎಂದು ಆಕೆ ಕಸಿಗೆ ಒಪ್ಪಲಿಲ್ಲ. ಅಪ್ಪನ ಕತೆ ಗೊತ್ತಿದ್ದರಿಂದ ರಕ್ತ ಮಾತ್ರ ತೆಗೆಸಿದರು. ಖಾಲಿ ಹೊಟ್ಟೆಯ ಸಕ್ಕರೆ 112 ಇತ್ತು. ನೂರು ದಾಟಿದರೆ ಎಚ್ಚರಿಕೆ, 126 ಮುಟ್ಟಿದರೆ ಕಾಯಿಲೆ. ಹುಡುಗನಿಗೆ ಯಾವ ಲಕ್ಷಣವೂ ಇರಲಿಲ್ಲ, ಕೂದಲಿನ ಚಿಂತೆ ಇಲ್ಲದಿದ್ದರೆ ಅವನು ರಕ್ತ ಪರೀಕ್ಷೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ‘ಆರು ತಿಂಗಳು ಬಿಟ್ಟು ಬಾ’ ಎಂದರು ವೈದ್ಯೆ. ‘ಕೂದಲು ನೋಡೋಕಾ ಮೇಡಂ, ಶುಗರ್ ನೋಡೋಕಾ?’ ಎಂದ. ಆಕೆ ಒಂದೇ ಚೀಟಿಯಲ್ಲಿ ಮೇಲೆ ಮಿನಾಕ್ಸಿಡಿಲ್, ಕೆಳಗೆ ಎಚ್‌ಬಿಎ1ಸಿ ಬರೆದು ಅವನ ಕೈಗಿಟ್ಟರು.